ಮನೆ ಕೊಳ್ಳುವಾಗ ಫೋನ್ ಮತ್ತು ಬ್ರಾಡ್‌ಬ್ಯಾಂಡ್: ಸಹಿ ಹಾಕುವ ಮೊದಲು ವಿಚಾರಿಸಬೇಕಾದದ್ದೇನು?

ಪ್ರಶ್ನೆ: ಹಳೆಯ ಮನೆಯೊಂದನ್ನು ಕೊಳ್ಳುವ ನಮ್ಮ ಮಾತುಕತೆ ಕೊನೆಯ ಹಂತಕ್ಕೆ ಬಂದಿದೆ. ನಾನೂ ನನ್ನ ಪತಿಯೂ ವಾರದ ಹೆಚ್ಚಿನ ದಿನಗಳಲ್ಲಿ ಮನೆಯಿಂದಲೇ ಕೆಲಸ ಮಾಡುತ್ತೇವೆ. ಜೊತೆಯಲ್ಲಿರುವ ಅತ್ತೆಯವರಿಗೆ ಹೃದಯದ ತೊಂದರೆಯಿದೆ. ಬಹಳ ವರ್ಷಗಳಿಂದ ಬಳಸುತ್ತಿರುವ ಲ್ಯಾಂಡ್‌ಲೈನ್ ಸಂಖ್ಯೆಯನ್ನು ಬಿಡಲು ಅವರಿಗೆ ಮನಸ್ಸಿಲ್ಲ. ಮನೆ ಮಾರುವವರು ‘ಇಂಟರ್‌ನೆಟ್ ಚೆನ್ನಾಗಿಯೇ ಬರುತ್ತದೆ’ ಎನ್ನುತ್ತಾರೆ. ಮಧ್ಯವರ್ತಿಯವರು ‘ಅದನ್ನೆಲ್ಲ ಒಳಗೆ ಬಂದ ಮೇಲೆ ನೋಡಿಕೊಳ್ಳಬಹುದು’ ಎನ್ನುತ್ತಾರೆ. ಯಾವ ಹಂತದಲ್ಲಿ ಏನನ್ನು ವಿಚಾರಿಸಬೇಕು, ಹಳೆಯ ಸಂಖ್ಯೆಯನ್ನು ಉಳಿಸಿಕೊಳ್ಳುವುದು ಹೇಗೆ ಎಂದು ತಿಳಿಸುವಿರಾ?

ಉತ್ತರ: ಮಧ್ಯವರ್ತಿಯವರ ಮಾತನ್ನು ದಯವಿಟ್ಟು ಒಪ್ಪಿಕೊಳ್ಳಬೇಡಿ. ನಿಮ್ಮಿಬ್ಬರ ದುಡಿಮೆಯೂ ಹಿರಿಯರೊಬ್ಬರ ಸುರಕ್ಷತೆಯೂ ಈ ಸಂಪರ್ಕವನ್ನು ನೆಚ್ಚಿಕೊಂಡಿರುವಾಗ, ಬ್ರಾಡ್‌ಬ್ಯಾಂಡಿನ ವಿಚಾರಣೆ ನೀರು, ಒಳಚರಂಡಿ, ವಿದ್ಯುತ್ತಿನ ವಿಚಾರಣೆಯ ಜೊತೆಯಲ್ಲೇ, ಅಂದರೆ ಕರಾರಿಗೆ ಸಹಿ ಬೀಳುವ ಮೊದಲೇ ನಡೆಯಬೇಕು. ಸೇವೆ ಕೊಡುವ ಸಂಸ್ಥೆಯನ್ನು ಆಮೇಲೆ ಬದಲಾಯಿಸಬಹುದು, ಪ್ಲಾನನ್ನು ಬದಲಾಯಿಸಬಹುದು, ರೂಟರನ್ನೂ ಬದಲಾಯಿಸಬಹುದು. ಬೀದಿಯಿಂದ ಆ ಮನೆಯ ಗೋಡೆಯವರೆಗೆ ಯಾವ ತಂತಿ ಬಂದಿದೆ ಎಂಬುದನ್ನು ಮಾತ್ರ ಮನೆಯ ಮಾಲೀಕರು ತಾವಾಗಿ ಬದಲಾಯಿಸಲು ಆಗುವುದಿಲ್ಲ. ಅದು ಇನ್ನೊಬ್ಬರ ಜಾಲ, ಇನ್ನೊಬ್ಬರ ಯೋಜನೆ, ಎಷ್ಟೋ ಸಲ ಇನ್ನೊಬ್ಬರ ಜಮೀನಿನ ಪ್ರಶ್ನೆ. ನೀವು ಕೊಳ್ಳುವುದು ಮನೆಯನ್ನು ಮಾತ್ರವಲ್ಲ, ಆ ತಂತಿಯ ಮಿತಿಯನ್ನೂ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನದನ್ನು ಓದಿ.

‘ಇಂಟರ್‌ನೆಟ್ ಬರುತ್ತದೆ’ ಎಂಬ ಮಾತಿನಲ್ಲಿ ಸುಳ್ಳಿರಲಾರದು, ಆದರೆ ಅದರಿಂದ ನಿಮಗೆ ಏನೂ ತಿಳಿಯುವುದಿಲ್ಲ. ಸಂಜೆ ಒಂದಿಷ್ಟು ವಿಡಿಯೊ ನೋಡುವ ಕುಟುಂಬಕ್ಕೆ ಚೆನ್ನಾಗಿರುವ ಸಂಪರ್ಕ, ಇಬ್ಬರು ಏಕಕಾಲದಲ್ಲಿ ವಿಡಿಯೊ ಸಭೆಯಲ್ಲಿ ಕುಳಿತು ದೊಡ್ಡ ಕಡತಗಳನ್ನು ಕಳಿಸುವ ಮನೆಗೆ ಸಾಲದೇ ಹೋಗಬಹುದು. ಆದ್ದರಿಂದ ಮಾರುವವರಿಗೆ ಕೇಳಬೇಕಾದ ಮೊದಲ ಪ್ರಶ್ನೆ ‘ಮನೆಯೊಳಗೆ ಬರುವುದು ಯಾವ ತಂತಿ?’ ಎಂಬುದು. ಇದಕ್ಕೆ ಉತ್ತರ ಸಾಮಾನ್ಯವಾಗಿ ನಾಲ್ಕರಲ್ಲಿ ಒಂದಾಗಿರುತ್ತದೆ: ಆಪ್ಟಿಕಲ್ ಫೈಬರ್, ಟಿವಿ ಕೇಬಲ್ಲಿನ ಜಾತಿಯ ಕೋಆಕ್ಸಿಯಲ್ ಕೇಬಲ್, ಹಳೆಯ ಟೆಲಿಫೋನಿನ ತಾಮ್ರದ ಜೋಡಿ ತಂತಿ, ಅಥವಾ ತಂತಿಯೇ ಇಲ್ಲದ ರೇಡಿಯೊ ಸಂಪರ್ಕ.

ಫೈಬರ್ ಮನೆಯ ಒಳಗಿನವರೆಗೆ ಬಂದಿದ್ದರೆ ನಿಮ್ಮ ಚಿಂತೆಯ ದೊಡ್ಡ ಭಾಗ ಅಲ್ಲಿಗೇ ಮುಗಿಯಿತು. ಮನೆಗಳಿಗೆ ಫೈಬರ್ ಕೊಡಲು ಬಹುವಾಗಿ ಬಳಕೆಯಲ್ಲಿರುವ ಜಿಪಾನ್ ತಂತ್ರಜ್ಞಾನದಲ್ಲಿ ಒಂದು ಫೈಬರಿನ ಮೇಲೆ ಸೆಕೆಂಡಿಗೆ ಸುಮಾರು 2.5 ಗಿಗಾಬಿಟ್ ಕೆಳಮುಖವಾಗಿಯೂ (ಮನೆಯ ಕಡೆಗೆ, ಅಂದರೆ ಡೌನ್‌ಲೋಡ್) 1.25 ಗಿಗಾಬಿಟ್ ಮೇಲ್ಮುಖವಾಗಿಯೂ (ಮನೆಯಿಂದ ಹೊರಕ್ಕೆ, ಅಂದರೆ ಅಪ್‌ಲೋಡ್) ಹರಿಯುತ್ತದೆ, ಮತ್ತು ಅದನ್ನು ಸಾಮಾನ್ಯವಾಗಿ 32 ಅಥವಾ 64 ಮನೆಗಳು ಹಂಚಿಕೊಳ್ಳುತ್ತವೆ. ಸಂಸ್ಥೆಯ ಕೇಂದ್ರ 20 ಕಿಲೋಮೀಟರ್ ದೂರದಲ್ಲಿದ್ದರೂ ನಿಮಗೆ ಸಿಗುವ ವೇಗ ಕುಂದುವುದಿಲ್ಲ. ತಾಮ್ರಕ್ಕೂ ಫೈಬರಿಗೂ ಇರುವ ಮೂಲಭೂತ ವ್ಯತ್ಯಾಸ ಇದೇ. ತಾಮ್ರದ ಜೋಡಿಯಲ್ಲಿ ಹೋಗುವ ಸಂಕೇತ ಪ್ರತಿ ಮೀಟರಿಗೂ ಕ್ಷೀಣಿಸುತ್ತದೆ. ಎಡಿಎಸ್‌ಎಲ್2+ ಎಂಬ ಹಳೆಯ ವಿಧಾನ ಹೆಚ್ಚೆಂದರೆ ಸೆಕೆಂಡಿಗೆ 24 ಮೆಗಾಬಿಟ್ ಕೊಡಬಲ್ಲದು, ಅದೂ ಟೆಲಿಫೋನ್ ಎಕ್ಸ್‌ಚೇಂಜ್ ಹತ್ತಿರವಿದ್ದರೆ; ನಾಲ್ಕೈದು ಕಿಲೋಮೀಟರ್ ತಂತಿ ನಡುವೆ ಇದ್ದರೆ ಕೈಗೆ ಸಿಗುವುದು ಕೆಲವೇ ಮೆಗಾಬಿಟ್. ಅದಕ್ಕಿಂತ ಹೊಸದಾದ ವಿಡಿಎಸ್‌ಎಲ್2 ಬೀದಿಯ ಪೆಟ್ಟಿಗೆಯಿಂದ ಕೆಲವು ನೂರು ಮೀಟರುಗಳ ಒಳಗೆ 100 ಮೆಗಾಬಿಟ್ಟಿನ ಆಸುಪಾಸು ಕೊಟ್ಟರೂ, ತಂತಿಯ ಉದ್ದ 1 ಕಿಲೋಮೀಟರ್ ದಾಟುವಷ್ಟರಲ್ಲಿ ಅದರ ಕಾಲು ಭಾಗವಷ್ಟೇ ಉಳಿದಿರಬಹುದು. ಇಲ್ಲಿ ಲೆಕ್ಕಕ್ಕೆ ಬರುವುದು ನಕ್ಷೆಯ ಮೇಲೆ ಕಾಣುವ ನೇರ ದೂರವಲ್ಲ, ತಂತಿ ಸುತ್ತಿಬಳಸಿ ಬಂದ ಹಾದಿಯ ಉದ್ದ. ಒಂದೇ ಬೀದಿಯ ಎದುರುಬದುರು ಮನೆಗಳಿಗೆ ಬೇರೆ ಬೇರೆ ವೇಗ ಸಿಗುವುದು ಇದರಿಂದಲೇ.

ಒಂದು ಎಚ್ಚರಿಕೆ ಇಲ್ಲಿ ಅಗತ್ಯ. ಜಾಹೀರಾತಿನಲ್ಲಿ ‘ಫೈಬರ್’ ಎಂದು ಬರೆದಿದ್ದ ಮಾತ್ರಕ್ಕೆ ಫೈಬರ್ ನಿಮ್ಮ ಗೋಡೆಯವರೆಗೆ ಬಂದಿದೆ ಎಂದು ತಿಳಿಯಬೇಡಿ. ಬೀದಿಯ ಪೆಟ್ಟಿಗೆಯವರೆಗೆ ಫೈಬರ್ ತಂದು, ಅಲ್ಲಿಂದ ಮನೆಗೆ ಹಳೆಯ ತಾಮ್ರವನ್ನೇ ಬಳಸುವ ಸೇವೆಗಳನ್ನೂ ಹಲವು ಸಂಸ್ಥೆಗಳು ಅದೇ ಹೆಸರಿನಲ್ಲಿ ಮಾರಿವೆ. ಬಹುಮಹಡಿ ಕಟ್ಟಡಗಳಲ್ಲಿ ನೆಲಮಾಳಿಗೆಯವರೆಗೆ ಫೈಬರ್ ಬಂದು, ಮೇಲಿನ ಮಹಡಿಗಳಿಗೆ ಬೇರೆ ತಂತಿ ಹೋಗಿರುವುದೂ ಉಂಟು. ಇದನ್ನು ತಿಳಿಯಲು ಮನೆಯೊಳಗೆ ನೋಡುವುದೇ ಖಚಿತವಾದ ದಾರಿ. ಫೈಬರ್ ಬಂದಿರುವ ಮನೆಯಲ್ಲಿ ಗೋಡೆಯ ಚಿಕ್ಕ ಪೆಟ್ಟಿಗೆಯಿಂದ ತೆಳುವಾದ ತಂತಿಯೊಂದು, ಹೆಚ್ಚಾಗಿ ಹಸಿರು ಬಣ್ಣದ ಕನೆಕ್ಟರಿನೊಂದಿಗೆ, ಫೈಬರಿನ ಬೆಳಕನ್ನು ವಿದ್ಯುತ್ ಸಂಕೇತವಾಗಿ ಬದಲಾಯಿಸುವ ಓಎನ್‌ಟಿ ಎಂಬ ಉಪಕರಣಕ್ಕೆ ಹೋಗಿರುತ್ತದೆ. ಕೋಆಕ್ಸಿಯಲ್ ಆದರೆ ದಪ್ಪನೆಯ ದುಂಡು ಕೇಬಲ್, ತುದಿಯಲ್ಲಿ ತಿರುಗಿಸಿ ಬಿಗಿಯುವ ಲೋಹದ ಕನೆಕ್ಟರ್. ತಾಮ್ರವಾದರೆ ಸಾಧಾರಣ ಟೆಲಿಫೋನ್ ಸಾಕೆಟ್, ಅದಕ್ಕೆ ಜೋಡಿಸಿದ, ಫೋನನ್ನೂ ಇಂಟರ್‌ನೆಟ್ಟನ್ನೂ ಬೇರ್ಪಡಿಸುವ ಸ್ಪ್ಲಿಟರ್. ಮನೆ ನೋಡಲು ಮತ್ತೊಮ್ಮೆ ಹೋದಾಗ ಇದನ್ನು ನೋಡಿ, ಮಾರುವವರ ಒಪ್ಪಿಗೆಯೊಂದಿಗೆ ಫೋಟೊ ತೆಗೆದುಕೊಳ್ಳಿ. ತಂತಿ ಹೊರಗಿನಿಂದ ಯಾವ ಕಡೆ ಒಳಬರುತ್ತದೆ, ಕಂಬದಿಂದಲೋ ನೆಲದಡಿಯ ಕೊಳವೆಯಿಂದಲೋ ಎಂಬುದನ್ನೂ ಗಮನಿಸಿ.

ಅದೇ ಭೇಟಿಯಲ್ಲಿ ಇನ್ನೆರಡು ಕೆಲಸ ಮಾಡಬಹುದು. ಒಂದು, ಮಾರುವವರ ಇತ್ತೀಚಿನ ಬಿಲ್ಲನ್ನು ತೋರಿಸುವಂತೆ ಕೇಳುವುದು. ಅದರಲ್ಲಿ ಪ್ಲಾನಿನ ಹೆಸರು, ವೇಗ, ಸಂಸ್ಥೆ ಎಲ್ಲವೂ ಇರುತ್ತವೆ. ಇನ್ನೊಂದು, ನಿಮ್ಮ ಲ್ಯಾಪ್‌ಟಾಪನ್ನು ನೆಟ್‌ವರ್ಕ್ ಕೇಬಲ್ಲಿನಿಂದ ನೇರವಾಗಿ ರೂಟರಿಗೆ ಜೋಡಿಸಿ ವೇಗದ ಪರೀಕ್ಷೆ ನಡೆಸುವುದು. ವೈಫೈ ಮೂಲಕ ಮಾಡಿದ ಪರೀಕ್ಷೆ ಮನೆಯೊಳಗಿನ ಗೋಡೆಗಳನ್ನೂ ಸೇರಿಸಿ ಅಳೆಯುತ್ತದೆ, ಆದ್ದರಿಂದ ಬಾಹ್ಯ ಸಂಪರ್ಕದ ಗುಣವನ್ನು ಅದರಿಂದ ನಿರ್ಧರಿಸಲಾಗದು. ಸಾಧ್ಯವಾದರೆ ಈ ಪರೀಕ್ಷೆಯನ್ನು ರಾತ್ರಿ 8ರಿಂದ 10ರ ನಡುವೆ ಮಾಡಿ, ಏಕೆಂದರೆ ಹಂಚಿಕೆಯ ಜಾಲದಲ್ಲಿ ದಟ್ಟಣೆ ಕಾಣಿಸಿಕೊಳ್ಳುವುದು ಆ ಹೊತ್ತಿನಲ್ಲಿ. ಬೆಳಗಿನ 11 ಗಂಟೆಗೆ ಉತ್ತಮವಾಗಿದ್ದು ರಾತ್ರಿ ಅರ್ಧಕ್ಕಿಳಿಯುವ ಸಂಪರ್ಕದ ಬಗ್ಗೆ ಅಕ್ಕಪಕ್ಕದವರು ಹೇಳುವ ಮಾತು ಯಾವ ಸಂಸ್ಥೆಯ ನಕ್ಷೆಗಿಂತಲೂ ಹೆಚ್ಚು ನಂಬಲರ್ಹ. ಮಳೆಗಾಲದಲ್ಲಿ ತಂತಿ ಕೆಡುತ್ತದೆಯೇ, ಕೆಟ್ಟರೆ ರಿಪೇರಿಗೆ ಎಷ್ಟು ದಿನ ಹಿಡಿಯುತ್ತದೆ ಎಂದು ಅವರನ್ನೇ ಕೇಳಿ.

ಸಂಸ್ಥೆಗಳ ಜಾಲತಾಣದಲ್ಲಿ ‘ನಿಮ್ಮ ಪ್ರದೇಶದಲ್ಲಿ ಸೇವೆ ಲಭ್ಯ’ ಎಂದು ಬಂದರೆ ಅಷ್ಟಕ್ಕೇ ತೃಪ್ತರಾಗಬೇಡಿ. ಅಂಚೆ ಸಂಕೇತದ ಆಧಾರದ ಮೇಲೆ ಬರುವ ಉತ್ತರಕ್ಕೂ ಮನೆ ಸಂಖ್ಯೆಯ ಆಧಾರದ ಮೇಲೆ ಬರುವ ಉತ್ತರಕ್ಕೂ ಬಹಳ ಅಂತರವಿರುತ್ತದೆ. ಪೂರ್ಣ ವಿಳಾಸ ಕೊಟ್ಟು, ಆ ವಿಳಾಸಕ್ಕೆ ಯಾವ ಬಗೆಯ ಸಂಪರ್ಕವನ್ನು, ಎಷ್ಟು ದಿನಗಳಲ್ಲಿ, ಯಾವ ಹೆಚ್ಚುವರಿ ವೆಚ್ಚದಲ್ಲಿ ಕೊಡುತ್ತೀರಿ ಎಂದು ಇಮೇಲ್ ಮೂಲಕ ಕೇಳಿ, ಲಿಖಿತ ಉತ್ತರವನ್ನೇ ಪಡೆಯಿರಿ. ಕನಿಷ್ಠ ಎರಡು ಸಂಸ್ಥೆಗಳಿಗೆ ಹೀಗೆ ಬರೆಯುವುದು ಒಳ್ಳೆಯದು. ಒಂದೇ ಸಂಸ್ಥೆಯ ಹಂಗಿನಲ್ಲಿರುವ ಮನೆಯ ಬೆಲೆಯ ಮಾತಿನಲ್ಲಿ ಅದೂ ಒಂದು ಅಂಶವಾಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಈಗ ಫೈಬರ್ ಇಲ್ಲದಿದ್ದರೂ ‘ಹಾಕಿಸಿಕೊಳ್ಳಬಹುದು’ ಎಂದು ಯಾರಾದರೂ ಭರವಸೆ ಕೊಟ್ಟರೆ, ಕೊನೆಯ ಐವತ್ತು ಮೀಟರುಗಳ ಬಗ್ಗೆ ವಿಚಾರಿಸಿ. ಬಹಳಷ್ಟು ಅರ್ಜಿಗಳು ನಿಂತುಹೋಗುವುದು ಅಲ್ಲಿಯೇ. ಮುಖ್ಯ ರಸ್ತೆಯವರೆಗೆ ಫೈಬರ್ ಬಂದಿರುತ್ತದೆ, ಆದರೆ ಮನೆಗೆ ಹೋಗುವ ಓಣಿ ಖಾಸಗಿಯದ್ದಾಗಿದ್ದರೆ ಅಗೆಯಲು ಅದರ ಒಡೆಯರ ಒಪ್ಪಿಗೆ ಬೇಕು. ಕಂಬದಿಂದ ಎಳೆಯುವ ತಂತಿ ನೆರೆಯವರ ಅಂಗಳದ ಮೇಲೆ ಹಾದುಹೋಗುವುದಾದರೆ ಅವರ ಒಪ್ಪಿಗೆ ಬೇಕು. ಬಹುಮಹಡಿ ಕಟ್ಟಡವಾದರೆ ನಿವಾಸಿಗಳ ಸಂಘದ ಅನುಮತಿ ಬೇಕು. ನೆಲದಡಿಯ ಹಳೆಯ ಕೊಳವೆ ಮಣ್ಣಿನಿಂದ ಮುಚ್ಚಿಹೋಗಿದ್ದರೆ ಹೊಸದಾಗಿ ಅಗೆಯಬೇಕಾಗುತ್ತದೆ. ಹೊಸ ಬಡಾವಣೆಗಳಲ್ಲಿ ಇದಕ್ಕೆ ಇನ್ನೊಂದು ಮುಖವಿದೆ: ನಿರ್ಮಾಣ ಸಂಸ್ಥೆ ಒಂದೇ ಸೇವಾ ಸಂಸ್ಥೆಯೊಂದಿಗೆ ಒಪ್ಪಂದ ಮಾಡಿಕೊಂಡು ಕೊಳವೆಗಳನ್ನು ಅದಕ್ಕೆ ಮಾತ್ರ ಬಿಟ್ಟುಕೊಟ್ಟಿದ್ದರೆ, ನಿವಾಸಿಗಳಿಗೆ ಬೇರೆ ಆಯ್ಕೆ ಉಳಿಯುವುದಿಲ್ಲ. ನಿಮ್ಮ ವಕೀಲರು ಜಮೀನಿನ ಹಾದಿಯ ಹಕ್ಕುಗಳನ್ನು ಪರಿಶೀಲಿಸುವಾಗ ದೂರಸಂಪರ್ಕದ ತಂತಿಯ ಹಾದಿಯನ್ನೂ ಹೆಸರಿಸಿ ನೋಡುವಂತೆ ಹೇಳಿ. ಸಾಮಾನ್ಯವಾಗಿ ಅವರು ದಾರಿ, ನೀರು, ಚರಂಡಿಯಷ್ಟನ್ನೇ ನೋಡುತ್ತಾರೆ.

ತಂತಿಯೇ ಬಾರದ ಜಾಗವಾದರೆ ಮೊಬೈಲ್ ಗೋಪುರದಿಂದ ಪಡೆಯುವ ಸ್ಥಿರ ವೈರ್‌ಲೆಸ್ ಅಥವಾ ಉಪಗ್ರಹ ಸೇವೆ ಉಳಿಯುತ್ತದೆ. ಭೂಸ್ಥಿರ ಉಪಗ್ರಹ ನೆಲದಿಂದ 35,786 ಕಿಲೋಮೀಟರ್ ಎತ್ತರದಲ್ಲಿರುವುದರಿಂದ ಒಂದು ಪ್ರಶ್ನೆ ಹೋಗಿ ಉತ್ತರ ಬರಲು ಅರ್ಧ ಸೆಕೆಂಡಿಗೂ ಹೆಚ್ಚು ಹೊತ್ತು ಹಿಡಿಯುತ್ತದೆ. ವಿಡಿಯೊ ಸಭೆಗೆ ಅದು ಒಗ್ಗುವುದಿಲ್ಲ. ಸುಮಾರು 550 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳ ಸೇವೆಯಲ್ಲಿ ಆ ವಿಳಂಬ ಕೆಲವು ಹತ್ತು ಮಿಲಿಸೆಕೆಂಡುಗಳಿಗೆ ಇಳಿದಿದೆ, ಆದರೆ ಆಕಾಶ ತೆರೆದು ಕಾಣುವ ಛಾವಣಿ ಬೇಕು. ನಿಮ್ಮ ವಿಷಯದಲ್ಲಿ ಇವನ್ನು ಮುಖ್ಯ ಸಂಪರ್ಕವಾಗಿ ಅಲ್ಲ, ಎರಡನೆಯ ದಾರಿಯಾಗಿ ನೋಡುವುದು ಮೇಲು.

ನಿಮಗೆ ಎಷ್ಟು ವೇಗ ಬೇಕು ಎಂಬ ಲೆಕ್ಕ ಜಾಹೀರಾತುಗಳು ಸೂಚಿಸುವಷ್ಟು ದೊಡ್ಡದಲ್ಲ. ಒಂದು ವಿಡಿಯೊ ಸಭೆಗೆ ಎರಡೂ ದಿಕ್ಕಿನಲ್ಲಿ 3ರಿಂದ 4 ಮೆಗಾಬಿಟ್ ಇದ್ದರೆ ಸಾಕು. 4ಕೆ ಗುಣಮಟ್ಟದ ಚಲನಚಿತ್ರಕ್ಕೆ ಸುಮಾರು 25 ಮೆಗಾಬಿಟ್ ಬೇಕಾಗುತ್ತದೆ. ಧ್ವನಿ ಕರೆಗೆ 0.1 ಮೆಗಾಬಿಟ್ ಧಾರಾಳ. ಹೀಗಾಗಿ 100 ಮೆಗಾಬಿಟ್ಟಿನ ಸ್ಥಿರವಾದ ಸಂಪರ್ಕ ನಿಮ್ಮ ಮೂವರ ಮನೆಗೆ ಸಾಕಾಗುತ್ತದೆ. ನೀವು ನಿಜವಾಗಿ ಗಮನಿಸಬೇಕಾದದ್ದು ಅಪ್‌ಲೋಡ್ ವೇಗ. ಕೇಬಲ್ ಜಾಲಗಳಲ್ಲಿಯೂ ತಾಮ್ರದಲ್ಲಿಯೂ ಮೇಲ್ಮುಖದ ವೇಗ ಕೆಳಮುಖದ ಹತ್ತನೆಯ ಒಂದು ಭಾಗಕ್ಕೆ ಇಳಿದಿರುವುದು ಅಪರೂಪವಲ್ಲ, ಮತ್ತು ಜಾಹೀರಾತಿನಲ್ಲಿ ದೊಡ್ಡ ಅಕ್ಷರದಲ್ಲಿ ಕಾಣುವುದು ಕೆಳಮುಖದ ಅಂಕಿ ಮಾತ್ರ. 1 ಗಿಗಾಬೈಟಿನ ಕಡತ ಎಂದರೆ 8 ಗಿಗಾಬಿಟ್. 100 ಮೆಗಾಬಿಟ್ ಅಪ್‌ಲೋಡ್ ಇದ್ದರೆ ಅದು ಒಂದೂವರೆ ನಿಮಿಷದೊಳಗೆ ಹೋಗುತ್ತದೆ, 5 ಮೆಗಾಬಿಟ್ ಇದ್ದರೆ 27 ನಿಮಿಷ ಹಿಡಿಯುತ್ತದೆ, ಮತ್ತು ಆ ಹೊತ್ತಿನಲ್ಲಿ ಇನ್ನೊಬ್ಬರ ಸಭೆಯ ಚಿತ್ರವೂ ಧ್ವನಿಯೂ ತಡೆತಡೆದು ಬರುತ್ತವೆ.

ಕೆಲಸದ ಸಂಸ್ಥೆಯ ಜಾಲಕ್ಕೆ ವಿಪಿಎನ್ (ಸುರಕ್ಷಿತ ಖಾಸಗಿ ಸಂಪರ್ಕ) ಮೂಲಕ ಹೋಗುವುದಷ್ಟೇ ಆದರೆ ತೊಂದರೆಯಿಲ್ಲ. ಹೊರಗಿನಿಂದ ನಿಮ್ಮ ಮನೆಯ ಕ್ಯಾಮೆರಾವನ್ನೋ ಕಡತಗಳ ಸಂಗ್ರಹ ಪೆಟ್ಟಿಗೆಯನ್ನೋ ನೇರವಾಗಿ ತಲುಪಬೇಕಾದರೆ ಮಾತ್ರ, ಸಂಸ್ಥೆ ನಿಮಗೆ ಪ್ರತ್ಯೇಕವಾದ ಸಾರ್ವಜನಿಕ ಐಪಿ ವಿಳಾಸ (ಇಂಟರ್‌ನೆಟ್ಟಿನಲ್ಲಿ ನಿಮ್ಮ ಸಂಪರ್ಕವನ್ನು ಗುರುತಿಸುವ ಸಂಖ್ಯೆ) ಕೊಡುತ್ತದೆಯೇ ಎಂದು ಕೇಳಿ. ರೂಟರಿನ ಹೊರಮುಖದ ವಿಳಾಸ 100.64ರಿಂದ 100.127ರವರೆಗಿನ ಸರಣಿಯಲ್ಲಿದ್ದರೆ ಅದು ಹಲವು ಗ್ರಾಹಕರು ಹಂಚಿಕೊಂಡ ವಿಳಾಸದ ಗುರುತು.

ಇನ್ನು ಅತ್ತೆಯವರ ಫೋನು. ಇದರಲ್ಲಿ ನಾನು ಒತ್ತಿ ಹೇಳಬೇಕಾದ ಮಾತು ಒಂದಿದೆ: ಹಳೆಯ ಸಂಪರ್ಕವನ್ನು ಮೊದಲು ರದ್ದುಪಡಿಸಿ ಆಮೇಲೆ ಸಂಖ್ಯೆಯನ್ನು ಕೇಳಲು ಹೋಗಬೇಡಿ. ರದ್ದಾದ ಸಂಖ್ಯೆ ಸಂಸ್ಥೆಯ ದಾಸ್ತಾನಿಗೆ ಮರಳುತ್ತದೆ, ಕೆಲಕಾಲದ ನಂತರ ಬೇರೆಯವರಿಗೆ ಹೋಗಬಹುದು, ಮತ್ತು ಅದನ್ನು ಹಿಂದಕ್ಕೆ ಪಡೆಯುವುದು ಬಹುಮಟ್ಟಿಗೆ ಅಸಾಧ್ಯ. ಪೋರ್ಟಿಂಗ್ (ಸಂಖ್ಯೆಯನ್ನು ಬೇರೆ ಸಂಸ್ಥೆಗೆ ಒಯ್ಯುವುದು) ಅಥವಾ ಸ್ಥಳಾಂತರದ ಅರ್ಜಿಯನ್ನು ಹಾಕುವಾಗ ಸಂಖ್ಯೆ ಸಕ್ರಿಯವಾಗಿಯೇ ಇರಬೇಕು. ಪೋರ್ಟಿಂಗ್ ಮುಗಿದ ಕೂಡಲೇ ಹಳೆಯ ಸೇವೆ ತಾನಾಗಿ ಕೊನೆಗೊಳ್ಳುವುದೇ ವಾಡಿಕೆ. ಆದರೆ ಆ ಸೇವೆಯ ಜೊತೆ ಬ್ರಾಡ್‌ಬ್ಯಾಂಡ್ ಇದ್ದರೆ ಅದೂ ಜೊತೆಯಲ್ಲೇ ನಿಂತುಹೋಗುತ್ತದೆಯೇ ಎಂದು ಮೊದಲೇ ಕೇಳಿ ತಿಳಿದುಕೊಳ್ಳಿ.

ಸಂಖ್ಯೆಯನ್ನು ಒಯ್ಯಲು ಸಾಧ್ಯವೇ ಎಂಬುದಕ್ಕೆ ಎಲ್ಲ ದೇಶಗಳಲ್ಲೂ ಒಂದೇ ಉತ್ತರವಿಲ್ಲ. ಕೆಲವೆಡೆ ಲ್ಯಾಂಡ್‌ಲೈನ್ ಸಂಖ್ಯೆಯನ್ನು ಒಂದು ಸಂಸ್ಥೆಯಿಂದ ಇನ್ನೊಂದಕ್ಕೆ ಒಯ್ಯುವ ಹಕ್ಕು ಗ್ರಾಹಕರಿಗಿದೆ. ಕೆಲವೆಡೆ ಅದೇ ಸಂಸ್ಥೆಯ ಅದೇ ಎಕ್ಸ್‌ಚೇಂಜ್ ವ್ಯಾಪ್ತಿಯೊಳಗೆ ಸ್ಥಳಾಂತರ ಮಾತ್ರ ಸಾಧ್ಯ. ಸಂಖ್ಯೆಯ ಆರಂಭದ ಅಂಕಿಗಳು ಊರನ್ನೋ ವಲಯವನ್ನೋ ಸೂಚಿಸುವುದರಿಂದ, ಹೊಸ ಮನೆ ಬೇರೆ ವಲಯದಲ್ಲಿದ್ದರೆ ಸಾಂಪ್ರದಾಯಿಕ ಲೈನಿನಲ್ಲಿ ಅದು ಉಳಿಯದಿರಬಹುದು, ಆದರೆ ಇಂಟರ್‌ನೆಟ್ ಮೂಲಕ ಕರೆ ಸಾಗಿಸುವ ವಾಯ್ಸ್ ಓವರ್ ಐಪಿ ಸೇವೆಗೆ ವರ್ಗಾಯಿಸಲು ಅವಕಾಶವಿರಬಹುದು. ಇನ್ನೊಂದು ಮಾತು: ಸಂಖ್ಯೆ ಯಾರ ಹೆಸರಿನಲ್ಲಿದೆಯೋ ಅವರೇ ಅರ್ಜಿದಾರರಾಗಬೇಕು. ತೀರಿಕೊಂಡ ಹಿರಿಯರ ಹೆಸರಿನಲ್ಲಿಯೇ ಲೈನು ಮುಂದುವರಿದಿರುವ ಮನೆಗಳು ಬಹಳ. ನಿಮ್ಮಲ್ಲೂ ಹಾಗಿದ್ದರೆ ಹೆಸರು ಬದಲಾವಣೆಯನ್ನು ಈಗಲೇ, ಮನೆಯ ನೋಂದಣಿಗಿಂತ ಮೊದಲೇ ಮುಗಿಸಿಕೊಳ್ಳಿ. ಬಿಲ್ಲಿನ ಮೇಲಿನ ಹೆಸರಿನಲ್ಲಿ ಒಂದು ಅಕ್ಷರ ವ್ಯತ್ಯಾಸವಾದರೂ ಪೋರ್ಟಿಂಗ್ ಅರ್ಜಿ ತಿರಸ್ಕೃತವಾಗಬಹುದು.

ತಾಮ್ರದಿಂದ ಫೈಬರಿಗೆ ಬಂದಾಗ ಫೋನಿನ ಸ್ವಭಾವದಲ್ಲೇ ಒಂದು ಬದಲಾವಣೆಯಾಗುತ್ತದೆ, ಮತ್ತು ಹೃದಯದ ತೊಂದರೆಯಿರುವವರ ಮನೆಯಲ್ಲಿ ಇದನ್ನು ಅರಿಯದೆ ಇರಬಾರದು. ಹಳೆಯ ಲ್ಯಾಂಡ್‌ಲೈನ್ ಉಪಕರಣಕ್ಕೆ ಬೇಕಾದ ವಿದ್ಯುತ್ತು ಎಕ್ಸ್‌ಚೇಂಜಿನ 48 ವೋಲ್ಟಿನ ಬ್ಯಾಟರಿಗಳಿಂದ ಅದೇ ತಂತಿಯಲ್ಲಿ ಬರುತ್ತಿತ್ತು. ಮನೆಯಲ್ಲಿ ಕರೆಂಟ್ ಹೋದರೂ ಫೋನು ಕೆಲಸ ಮಾಡುತ್ತಿದ್ದುದು ಅದರಿಂದಲೇ. ಫೈಬರ್ ಗಾಜಿನದ್ದು, ವಿದ್ಯುತ್ತನ್ನು ಒಯ್ಯುವುದಿಲ್ಲ. ಹೊಸ ವ್ಯವಸ್ಥೆಯಲ್ಲಿ ಫೋನಿನ ತಂತಿ ರೂಟರಿನ ಅಥವಾ ಓಎನ್‌ಟಿಯ ಹಿಂಭಾಗದ ಕಿಂಡಿಗೆ ಸೇರುತ್ತದೆ, ಆ ಉಪಕರಣಗಳಿಗೆ ಕರೆಂಟ್ ಇಲ್ಲದ ಕ್ಷಣ ಫೋನೂ ಸ್ತಬ್ಧವಾಗುತ್ತದೆ. ಹಾಗಾಗಿ ಓಎನ್‌ಟಿ ಮತ್ತು ರೂಟರ್ ಎರಡಕ್ಕೂ ಯುಪಿಎಸ್ ಬೇಕೇ ಬೇಕು. ಎರಡೂ ಸೇರಿ ಎಳೆಯುವುದು ಸಾಮಾನ್ಯವಾಗಿ 15ರಿಂದ 25 ವ್ಯಾಟ್. ಎಂದರೆ 100 ವ್ಯಾಟ್‌-ಗಂಟೆಯ ಚಿಕ್ಕ ಬ್ಯಾಟರಿಯೂ ನಾಲ್ಕು ಗಂಟೆಗಳ ಆಸುಪಾಸು ನಡೆಸಬಲ್ಲದು. ರೂಟರಿಗೆ ಮಾತ್ರ ಯುಪಿಎಸ್ ಕೊಟ್ಟು ಓಎನ್‌ಟಿಯನ್ನು ಮರೆಯುವವರು ಅನೇಕರು. ಹಾಗೆ ಮಾಡಿದರೆ ವೈಫೈ ಚಿಹ್ನೆ ಕಾಣುತ್ತದೆ, ಇಂಟರ್‌ನೆಟ್ ಮಾತ್ರ ಇರುವುದಿಲ್ಲ.

ಅತ್ತೆಯವರು ಕುತ್ತಿಗೆಯಲ್ಲಿ ಧರಿಸುವ ತುರ್ತು ಗುಂಡಿಯಂಥ ಉಪಕರಣ ಬಳಸುತ್ತಿದ್ದರೆ, ಅಥವಾ ಹೊಸ ಮನೆಯಲ್ಲಿ ಕಳ್ಳತನ ಮತ್ತು ಬೆಂಕಿಯ ಎಚ್ಚರಿಕೆಯ ವ್ಯವಸ್ಥೆ ಫೋನ್ ಲೈನಿಗೆ ಜೋಡಿಸಿಕೊಂಡಿದ್ದರೆ, ಅದು ಹೊಸ ಲೈನಿನಲ್ಲಿ ಕೆಲಸ ಮಾಡುತ್ತದೆಯೇ ಎಂದು ಆ ಉಪಕರಣ ಒದಗಿಸಿದವರನ್ನು ಬರವಣಿಗೆಯಲ್ಲಿ ಕೇಳಿ. ಇಂಥ ಹಳೆಯ ಉಪಕರಣಗಳು ತಾಮ್ರದ ಲೈನಿನ ಸ್ವರಸಂಕೇತಗಳನ್ನು ನಂಬಿ ವಿನ್ಯಾಸಗೊಂಡವು. ಧ್ವನಿಯನ್ನು ಸಂಕುಚಿತಗೊಳಿಸಿ ಸಾಗಿಸುವ ಹೊಸ ವಿಧಾನದಲ್ಲಿ ಅವು ತಪ್ಪುವುದುಂಟು. ಜೊತೆಗೆ, ಇಂಟರ್‌ನೆಟ್ ಆಧಾರಿತ ಫೋನಿನಿಂದ ತುರ್ತು ಸೇವೆಗೆ ಕರೆ ಮಾಡಿದಾಗ ಅವರಿಗೆ ಕಾಣುವುದು ನೀವು ನೋಂದಾಯಿಸಿದ ವಿಳಾಸವೇ ಹೊರತು ಫೋನು ನಿಜವಾಗಿ ಇರುವ ಜಾಗವಲ್ಲ. ಮನೆ ಬದಲಾಯಿಸಿದ ದಿನವೇ ಆ ವಿಳಾಸವನ್ನು ಬದಲಿಸದಿದ್ದರೆ ಆಂಬುಲೆನ್ಸ್ ಹಳೆಯ ಮನೆಯ ಬಾಗಿಲಿಗೆ ಹೋಗಬಹುದು. ಸಂಸ್ಥೆಯ ಖಾತೆಯ ಪುಟದಲ್ಲಿ ಬಿಲ್ಲಿನ ವಿಳಾಸ ಬೇರೆ, ತುರ್ತು ಕರೆಯ ವಿಳಾಸ ಬೇರೆ ಇರಬಹುದು. ಎರಡನ್ನೂ ನೋಡಿ.

ಯಾವ ಲೈನಿದ್ದರೂ ಮನೆಯ ಪ್ರತಿ ಕೋಣೆಯಲ್ಲಿ, ಮುಖ್ಯವಾಗಿ ಅತ್ತೆಯವರ ಮಲಗುವ ಕೋಣೆಯಲ್ಲಿ, ಬಾಗಿಲು ಕಿಟಕಿ ಮುಚ್ಚಿಕೊಂಡು ಮೊಬೈಲ್ ಕರೆ ಮಾಡಿ ನೋಡಿ. ಕಾಂಕ್ರೀಟಿನ ಗೋಡೆಗಳಷ್ಟೇ ಅಲ್ಲ, ಶಾಖ ತಡೆಯಲು ತೆಳುವಾದ ಲೋಹದ ಲೇಪ ಕೊಟ್ಟ ಆಧುನಿಕ ಕಿಟಕಿ ಗಾಜೂ ಮೊಬೈಲ್ ಸಂಕೇತವನ್ನು ಬಲವಾಗಿ ತಡೆಯುತ್ತದೆ. ವೈಫೈ ಮೂಲಕ ಕರೆ ಮಾಡುವ ಸೌಲಭ್ಯ ನಿಮ್ಮ ಮೊಬೈಲ್ ಸಂಸ್ಥೆಯಲ್ಲಿ ಇದ್ದರೆ ಆ ಕೊರತೆಯನ್ನು ತುಂಬಬಹುದು, ಆದರೆ ಅದೂ ಯುಪಿಎಸ್ ಇದ್ದರೆ ಮಾತ್ರ ಕರೆಂಟ್ ಇಲ್ಲದಾಗ ನಡೆಯುತ್ತದೆ.

ಮಾರುವವರ ಸಂಪರ್ಕವನ್ನೇ ಅವರ ಹೆಸರಿನಲ್ಲಿ ಮುಂದುವರಿಸಿಕೊಳ್ಳಿ ಎಂಬ ಸಲಹೆ ಬಂದರೆ ನಯವಾಗಿ ನಿರಾಕರಿಸಿ. ಆ ಲೈನಿನಲ್ಲಿ ನಡೆದದ್ದಕ್ಕೆಲ್ಲ ಹೊಣೆ ಅವರದ್ದಾಗುತ್ತದೆ, ಲೈನು ಕೆಟ್ಟಾಗ ದೂರು ಕೊಡುವ ಹಕ್ಕು ನಿಮಗಿರುವುದಿಲ್ಲ, ಅವರು ಹಣ ಕಟ್ಟುವುದನ್ನು ನಿಲ್ಲಿಸಿದ ದಿನ ನಿಮ್ಮ ಕೆಲಸ ನಿಲ್ಲುತ್ತದೆ. ಸಂಸ್ಥೆಯೇ ಅಧಿಕೃತವಾಗಿ ಹೆಸರು ವರ್ಗಾಯಿಸಿಕೊಡುವುದಾದರೆ ಅದು ಬೇರೆ ಮಾತು. ಅದಾಗದಿದ್ದರೆ ಅವರು ತಮ್ಮ ಖಾತೆಯನ್ನು ಮುಚ್ಚುವ ದಿನಾಂಕವನ್ನು ಕರಾರಿನಲ್ಲೇ ಬರೆಸಿ, ಏಕೆಂದರೆ ಹಳೆಯ ಖಾತೆ ಜೀವಂತವಿರುವ ತನಕ ಅದೇ ವಿಳಾಸಕ್ಕೆ ಹೊಸ ಸಂಪರ್ಕ ಕೊಡಲು ಕೆಲವು ಸಂಸ್ಥೆಗಳು ಒಪ್ಪುವುದಿಲ್ಲ. ಓಎನ್‌ಟಿ ಮತ್ತು ರೂಟರ್ ಬಹುಪಾಲು ಸಂಸ್ಥೆಯ ಸ್ವತ್ತು, ಅವನ್ನು ಅವರು ಹಿಂದಿರುಗಿಸಲಿ. ಗೋಡೆಯ ಮೇಲಿನ ಫೈಬರ್ ಪೆಟ್ಟಿಗೆ ಮತ್ತು ಅಲ್ಲಿಗೆ ಬರುವ ತಂತಿ ಮಾತ್ರ ಕೀಳದೆ ಉಳಿಯಬೇಕು. ಮನೆಯೊಂದಿಗೆ ಬಿಟ್ಟುಹೋಗುವ ವಸ್ತುಗಳ ಪಟ್ಟಿಯಲ್ಲಿ ಇದನ್ನು ಸೇರಿಸಿ. ಕ್ಯಾಮೆರಾ, ಡಿಜಿಟಲ್ ಬೀಗ, ಬಾಗಿಲ ಗಂಟೆಗಳನ್ನು ಬಿಟ್ಟುಹೋದರೆ, ಪ್ರತಿಯೊಂದನ್ನೂ ಕಾರ್ಖಾನೆಯ ಸ್ಥಿತಿಗೆ ಮರಳಿಸಿ ನಿಮ್ಮ ಖಾತೆಗೆ ನೋಂದಾಯಿಸುವವರೆಗೆ ಅವು ಹಳೆಯ ಮಾಲೀಕರ ಫೋನಿಗೇ ವಿಧೇಯವಾಗಿರುತ್ತವೆ ಎಂಬುದನ್ನು ಮರೆಯಬೇಡಿ.

ನಿಮ್ಮ ಈಗಿನ ಮನೆಯ ಒಪ್ಪಂದವನ್ನೂ ತೆಗೆದು ಓದಿ. ಕನಿಷ್ಠ ಅವಧಿ ಇನ್ನೂ ಉಳಿದಿದ್ದರೆ ಬೇಗ ಬಿಟ್ಟದ್ದಕ್ಕೆ ಶುಲ್ಕ ಕೇಳಬಹುದು. ಅದೇ ಸಂಸ್ಥೆ ಹೊಸ ವಿಳಾಸದಲ್ಲಿ ಸೇವೆ ಕೊಡುವುದಾದರೆ ಒಪ್ಪಂದವನ್ನು ಹಾಗೆಯೇ ಸ್ಥಳಾಂತರಿಸಬಹುದು, ಕೊಡಲಾಗದಿದ್ದರೆ ಶುಲ್ಕವನ್ನು ಮನ್ನಾ ಮಾಡುವಂತೆ ಕೇಳುವುದು ನ್ಯಾಯವಾದದ್ದು. ಎರಡು ಮನೆಗಳ ಸೇವೆಯೂ ಒಂದೆರಡು ವಾರ ಜೊತೆಜೊತೆಯಾಗಿ ನಡೆಯುವಂತೆ ನೋಡಿಕೊಳ್ಳಿ. ಆ ಹೆಚ್ಚುವರಿ ಬಿಲ್ಲು ಕೆಲಸವಿಲ್ಲದೆ ಕಳೆಯುವ ಒಂದು ದಿನದ ನಷ್ಟಕ್ಕಿಂತ ಕಡಿಮೆಯೇ ಆಗುತ್ತದೆ.

ಅರ್ಜಿ ಹಾಕುವ ಹೊತ್ತಿನ ಬಗ್ಗೆ: ಫೈಬರ್ ಪೆಟ್ಟಿಗೆ ಗೋಡೆಯಲ್ಲಿ ಈಗಾಗಲೇ ಇದ್ದರೆ ಕೆಲವು ದಿನಗಳು ಸಾಕು, ಬೀದಿಯಿಂದ ಹೊಸ ತಂತಿ ಎಳೆಯಬೇಕಾದರೆ ವಾರಗಳು, ಅಗೆತಕ್ಕೆ ಅನುಮತಿ ಬೇಕಾದರೆ ತಿಂಗಳುಗಳೇ ಹಿಡಿಯಬಹುದು. ಹೊಸ ವಿಳಾಸದ ಪುರಾವೆಯಾಗಿ ಏನನ್ನು ಒಪ್ಪುತ್ತಾರೆ ಎಂದು ಮೊದಲೇ ಕೇಳಿ, ಏಕೆಂದರೆ ನೋಂದಣಿ ಮುಗಿಯುವವರೆಗೆ ನಿಮ್ಮ ಬಳಿ ಆ ವಿಳಾಸದ ಯಾವ ಕಾಗದವೂ ಇರುವುದಿಲ್ಲ. ಮನೆಯ ಕೀಲಿ ನಿಮ್ಮ ಕೈಗೆ ಬರುವ ದಿನಾಂಕ ಖಚಿತವಾದ ಕೂಡಲೇ ಅರ್ಜಿ ಹಾಕಿ, ಅಳವಡಿಕೆಯ ದಿನವನ್ನು ಕೀಲಿ ಬಂದ ಮರುದಿನಕ್ಕೋ ಅದರ ಮುಂದಿನ ದಿನಕ್ಕೋ ಗೊತ್ತುಮಾಡಿಕೊಳ್ಳಿ. ನೋಂದಣಿ ಮುಂದಕ್ಕೆ ಹೋಗುವ ಸಾಧ್ಯತೆ ಯಾವಾಗಲೂ ಇರುವುದರಿಂದ ದಿನ ಬದಲಿಸಲು ಶುಲ್ಕವಿದೆಯೇ ಎಂಬುದೂ ಮುಖ್ಯ. ನಡುವಿನ ದಿನಗಳಿಗೆ, ನಿಮ್ಮ ಈಗಿನ ಮೊಬೈಲ್ ಸಂಸ್ಥೆಯದ್ದಲ್ಲದ ಇನ್ನೊಂದು ಜಾಲದ ಡೇಟಾ ಸಿಮ್ ಒಂದನ್ನು ಇಟ್ಟುಕೊಳ್ಳಿ. ಅತ್ತೆಯವರ ಸಂಖ್ಯೆಗೆ ಬರುವ ಕರೆಗಳನ್ನು ಆ ಅವಧಿಗೆ ಮೊಬೈಲಿಗೆ ತಿರುಗಿಸಿಕೊಂಡರೆ ಯಾರ ಕರೆಯೂ ತಪ್ಪುವುದಿಲ್ಲ.

ಹಳೆಯ ಮನೆಗೆ ಬಣ್ಣ ಬಳಿಸುವ, ಗೋಡೆ ರಿಪೇರಿ ಮಾಡಿಸುವ ಯೋಚನೆಯಿದ್ದರೆ ಒಳಗಿನ ತಂತಿಯ ಕೆಲಸಕ್ಕೆ ಅದಕ್ಕಿಂತ ಒಳ್ಳೆಯ ಹೊತ್ತು ಇನ್ನೊಂದಿಲ್ಲ. ನಿಮ್ಮಿಬ್ಬರ ಕೆಲಸದ ಮೇಜುಗಳಿರುವ ಜಾಗಕ್ಕೆ ಕ್ಯಾಟ್ 6 ಬಗೆಯ ನೆಟ್‌ವರ್ಕ್ ಕೇಬಲ್ಲನ್ನು ಗೋಡೆಯೊಳಗಿನ ಪೈಪಿನಲ್ಲಿ ಎಳೆಸಿ. ಅದು 100 ಮೀಟರಿನವರೆಗೆ 1 ಗಿಗಾಬಿಟ್ ವೇಗವನ್ನು ಯಾವ ಏರುಪೇರಿಲ್ಲದೆ ಒಯ್ಯುತ್ತದೆ, ಮತ್ತು ಹಲವು ಪೆಟ್ಟಿಗೆಗಳನ್ನು ಇಟ್ಟು ವೈಫೈಯನ್ನು ಮನೆಯಿಡೀ ಹರಡುವ ಯಾವ ಮೆಶ್ ವೈಫೈಗಿಂತಲೂ ನಂಬಿಕೆಗೆ ಅರ್ಹ. ವಿದ್ಯುತ್ ತಂತಿಯ ಪೈಪಿನಲ್ಲೇ ಅದನ್ನು ತೂರಿಸಲು ಎಲೆಕ್ಟ್ರಿಷಿಯನ್ ಮುಂದಾದರೆ ತಡೆಯಿರಿ. ಸುರಕ್ಷತೆಗೂ ಸಂಕೇತದ ಶುದ್ಧಿಗೂ ಅವು ಬೇರೆ ಬೇರೆಯೇ ಇರಬೇಕು. ರೂಟರ್ ಮನೆಯ ನಡುಭಾಗದಲ್ಲಿ, ತೆರೆದ ಜಾಗದಲ್ಲಿ, ತಲೆಯೆತ್ತರದಲ್ಲಿರಲಿ. ವೈಫೈಯ 2.4 ಗಿಗಾಹರ್ಟ್ಜ್ ತರಂಗಗಳು ಗೋಡೆ ದಾಟುತ್ತವೆ, ಆದರೆ ನಿಧಾನ ಮತ್ತು ನೆರೆಮನೆಗಳ ಗದ್ದಲಕ್ಕೆ ಸಿಲುಕುತ್ತವೆ. 5 ಮತ್ತು 6 ಗಿಗಾಹರ್ಟ್ಜ್ ತರಂಗಗಳು ವೇಗವಾಗಿದ್ದರೂ ದಪ್ಪ ಗೋಡೆಯೊಂದರಲ್ಲೇ ಬಸವಳಿಯುತ್ತವೆ. ಕಬ್ಬಿಣದ ಬೀರುವಿನ ಹಿಂದೆಯೋ ಮೀಟರ್ ಪೆಟ್ಟಿಗೆಯೊಳಗೋ ರೂಟರನ್ನು ಅಡಗಿಸಿದರೆ ಎಷ್ಟು ದುಬಾರಿ ಪ್ಲಾನ್ ಇದ್ದರೂ ಪ್ರಯೋಜನವಿಲ್ಲ.

ಅಳವಡಿಕೆಯ ದಿನ ನೀವೇ ಮನೆಯಲ್ಲಿರಿ. ತಂತ್ರಜ್ಞರು ತಮಗೆ ಅನುಕೂಲವಾದ ಮೂಲೆಯಲ್ಲಿ, ಸಾಮಾನ್ಯವಾಗಿ ಬಾಗಿಲ ಬಳಿ, ಪೆಟ್ಟಿಗೆ ಕೂರಿಸಿ ಹೊರಡಲು ಬಯಸುತ್ತಾರೆ. ನಿಮಗೆ ಬೇಕಾದ ಜಾಗವನ್ನು ಮೊದಲೇ ಗುರುತಿಸಿಟ್ಟು ಅಲ್ಲಿಗೇ ಎಳೆಯುವಂತೆ ಕೇಳಿ. ಫೈಬರನ್ನು ಗೋಡೆಯ ಮೂಲೆಯಲ್ಲಿ ಚೂಪಾಗಿ ಬಗ್ಗಿಸಬಾರದು: ಸಾಧಾರಣ ಫೈಬರಿಗೆ 30 ಮಿಲಿಮೀಟರ್, ಮನೆಯೊಳಗಿನ ಬಳಕೆಗೆಂದೇ ತಯಾರಾದ ಕೆಲವು ಬಗೆಗಳಿಗೆ 7.5 ಮಿಲಿಮೀಟರ್ ತ್ರಿಜ್ಯದ ತಿರುವಾದರೂ ಬೇಕು, ಇಲ್ಲವಾದರೆ ಬೆಳಕು ತಿರುವಿನಲ್ಲೇ ಸೋರಿಹೋಗುತ್ತದೆ. ಕೆಲಸ ಮುಗಿದ ಮೇಲೆ ಓಎನ್‌ಟಿಗೆ ತಲುಪುತ್ತಿರುವ ಬೆಳಕಿನ ಬಲ ಎಷ್ಟು ಡಿಬಿಎಂ (ಆ ಬಲವನ್ನು ಅಳೆಯುವ ಮಾನ) ಎಂದು ಕೇಳಿ ಬರೆದಿಟ್ಟುಕೊಳ್ಳಿ. ಬಳಕೆಯಲ್ಲಿರುವ ಜಿಪಾನ್ ಉಪಕರಣಗಳಿಗೆ ಅದು ಸುಮಾರು ಮೈನಸ್ 8ರಿಂದ ಮೈನಸ್ 27ರೊಳಗೆ ಇರಬೇಕು. ಮೈನಸ್ 25ಕ್ಕಿಂತ ಕೆಳಗಿದ್ದರೆ ಸಂಪರ್ಕ ಇಂದು ನಡೆದರೂ ನಾಳೆ ಕೈಕೊಡುವ ಅಂಚಿನಲ್ಲಿದೆ ಎಂದು ತಿಳಿದು, ಜೋಡಣೆಗಳನ್ನು ಮತ್ತೊಮ್ಮೆ ನೋಡಲು ಹೇಳಿ. ಆಮೇಲೆ ದೂರು ಕೊಡಬೇಕಾಗಿ ಬಂದಾಗ ಮೊದಲ ದಿನದ ಈ ಅಂಕಿ ಬಹಳ ಉಪಯೋಗಕ್ಕೆ ಬರುತ್ತದೆ.

ಅವರು ಹೊರಡುವ ಮೊದಲೇ ಕೇಬಲ್ ಜೋಡಿಸಿ ಎರಡೂ ದಿಕ್ಕಿನ ವೇಗವನ್ನು ಅಳೆಯಿರಿ, ಅತ್ತೆಯವರ ಸಂಖ್ಯೆಗೆ ಹೊರಗಿನಿಂದ ಕರೆ ಬರುತ್ತದೆಯೇ, ಅಲ್ಲಿಂದ ಹೊರಕ್ಕೆ ಹೋಗುತ್ತದೆಯೇ ಎಂದು ನೋಡಿ, ನಂತರ ಮುಖ್ಯ ಸ್ವಿಚ್ ಆರಿಸಿ ಯುಪಿಎಸ್ ಮೇಲೆ ಅದೇ ಕರೆಯನ್ನು ಮತ್ತೊಮ್ಮೆ ಮಾಡಿಸಿ. ಇಷ್ಟೂ ಸರಿಬಂದ ಮೇಲೆ ಹಳೆಯ ಮನೆಯ ಸಂಪರ್ಕವನ್ನು ನಿಲ್ಲಿಸುವ ಅರ್ಜಿಯನ್ನು ಕಳಿಸಬಹುದು. ಅಲ್ಲಿನ ಉಪಕರಣಗಳನ್ನು ಹಿಂದಿರುಗಿಸಿದ ರಸೀದಿಯನ್ನು ಕೊನೆಯ ಬಿಲ್ಲಿನೊಂದಿಗೆ ಜೋಪಾನವಾಗಿ ಇಟ್ಟುಕೊಳ್ಳಿ.